ಗೂಡಿನೊಳಗಿನ ಕುಂಬಳ

ಕೋಳಿಗಳಿಗೆಂದು ತೋಟ ಮಾಡುವವನನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ಬಡಗಿಯ ಅಕ್ಕನಿಗಂತೂ ಹೊಟ್ಟೆ ಹುಣ್ಣಾಗುವಷ್ಟು ಬಂತು.

"ಮನುಷ್ಯರಿಗೆ ನಾಲ್ಕು ಬದನೆಗಿಡ ಹಾಕೋ ಅಂದ್ರೆ, ಕೋಳಿ ಮಹಾರಾಣಿಯರಿಗೆ ಹರಿವೆ, ಜೋಳ, ಕುಂಬಳ! ನಿನ್ನ ತಲೇಲಿ ಬರೀ ಮರದ ಹೊಟ್ಟು ತುಂಬಿದೆ ಕಣೋ" ಎಂದಳು.

ಅವನು ನಗಲಿಲ್ಲ. ಹುಟ್ಟಿದ ಮಗು ಒಂದು ಉಸಿರನ್ನೂ ಎಳೆಯದೆ ಹೋದ ಮೇಲೆ ಅವನ ಹೆಂಡತಿ ಮಾತು ಬಿಟ್ಟಿದ್ದಳು. ಊಟ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕೇಳಿದ್ದಕ್ಕೆ ತಲೆ ಆಡಿಸುತ್ತಿದ್ದಳು, ಅಷ್ಟೇ. ಮಾತೇನಿದ್ದರೂ ಹಿತ್ತಲಿನ ಕೋಳಿಗಳ ಜೊತೆ. ಕೋಳಿಗಳು ಚೆನ್ನಾಗಿದ್ದರೆ ಅವಳೂ ಚೆನ್ನಾಗಿದ್ದಾಳು, ಇಂದಲ್ಲ ನಾಳೆ ಒಂದೆರಡು ಮಾತು ತನ್ನ ಪಾಲಿಗೂ ಬಂದೀತು ಎಂಬ ಆಸೆಯಿಂದ ಅವನು ಹಿತ್ತಲು ಅಗೆದಿದ್ದ. ಪಾಪ, ಹೆಂಡತಿಯ ದನಿ ಕೇಳಲು ಕೋಳಿಗಳ ಕಾಲು ಹಿಡಿದ ಗಂಡ!

ಮೊಟ್ಟೆಯಿಡಲು ಅವಕ್ಕೊಂದು ಪೆಟ್ಟಿಗೆಯನ್ನೂ ಮಾಡಿದ್ದ. ಹಲಗೆ ಎಲ್ಲಿಯದೆಂದು ಯಾರೂ ಕೇಳಲಿಲ್ಲ. ಮಗುವಿಗೆಂದು ಮಾಡಿ, ಆಮೇಲೆ ಕೆಲಸದ ಕೋಣೆಯ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ತೊಟ್ಟಿಲನ್ನು ಬಿಚ್ಚಿದ್ದ. ಒಳ್ಳೆಯ ಮರ, ಸುಡಲು ಮನಸ್ಸು ಬರಲಿಲ್ಲ. ಕಣ್ಣೆದುರು ಇಟ್ಟುಕೊಳ್ಳಲೂ ಆಗಲಿಲ್ಲ. ಎಂಥ ಕೆಲಸ ಮಾಡಿದೆಯಪ್ಪಾ, ಅಂತೀರಿ. ಅವನಿಗೂ ರಾತ್ರಿಗಳಲ್ಲಿ ಹಾಗೇ ಅನ್ನಿಸುತ್ತಿತ್ತು.

ಹರಿವೆ, ಜೋಳ ಹೇಳಿದ ಹಾಗೆ ಬೆಳೆದವು. ಕುಂಬಳದ ಬಳ್ಳಿ ಮಾತ್ರ ಬೇಲಿ ಬಿಟ್ಟು ಕೋಳಿಗೂಡು ಹತ್ತಿತು. ಪೆಟ್ಟಿಗೆಯ ಹಿಂದಿನ ಸಂದಿಯಲ್ಲಿ ತಲೆ ತೂರಿಸಿ, ಒಳಗೇ ಒಂದು ಕಾಯಿ ಕಟ್ಟಿತು. ಬಿಸಿಲು ಕಾಣದ ಆ ಕಾಯಿ ಬೆಳ್ಳಗೆ, ನುಣ್ಣಗೆ ಉಬ್ಬುತ್ತಾ ಹೋಯಿತು. ಬೂದು ಹೇಂಟೆ ಅದರ ಮೇಲೆ ಕಾವಿಗೆ ಕೂತಿತು. ಕಾವಿಗೆ ಕೂತ ಕೋಳಿಗೆ ಕಲ್ಲೂ ಒಂದೇ, ಮೊಟ್ಟೆಯೂ ಒಂದೇ, ಅದೇನೂ ಹೊಸತಲ್ಲ. ಆದರೆ ಉಳಿದ ಕೋಳಿಗಳು ಅತ್ತ ಸುಳಿಯುವುದನ್ನೇ ಬಿಟ್ಟವು. ಪೆಟ್ಟಿಗೆಯ ಮುಂದೆ ಹಾಕಿದ ಹರಿವೆ ಸೊಪ್ಪು ಅಲ್ಲೇ ಬಾಡುತ್ತಿತ್ತು.

ಒಂದು ಬೆಳಿಗ್ಗೆ ಹೆಂಡತಿ ಕೆಲಸದ ಕೋಣೆಯ ಬಾಗಿಲಿಗೆ ಬಂದಳು.

"ರೀ, ಅದು ಒಳಗಿಂದ ಕುಟ್ತಾ ಇದೆ."

ಅವನ ಕೈಯಿಂದ ಉಳಿ ಜಾರಿತು. ದನಿ ಕೇಳಿದ ಸಂತೋಷದಲ್ಲಿ, ಹೇಳಿದ್ದೇನು ಎಂಬುದು ತಲೆಗೆ ಹೋಗಲೇ ಇಲ್ಲ. ಅಂದಿನಿಂದ ಮಾತು ಬೆಳೆಯಿತು. ನೀರು ಕಾದಿದೆ ಎಂದಳು, ಅಂಗಿ ಹರಿದಿದೆ ಎಂದಳು, ಒಮ್ಮೆ ಬೈದಳು ಕೂಡ. ಬಿಡುವಾದಾಗಲೆಲ್ಲ ಪೆಟ್ಟಿಗೆಗೆ ಕಿವಿಯಿಟ್ಟು ಕೂರುತ್ತಿದ್ದಳು.

"ಎಷ್ಟು ಬೆಚ್ಚಗಿದೆ ರೀ ಈ ಪೆಟ್ಟಿಗೆ. ಯಾವ ಮರ ಇದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಸುಮ್ಮಸುಮ್ಮನೆ ಕೈ ಒರೆಸಿಕೊಂಡ. "ಯಾವುದೋ ಹಳೇ ಹಲಗೆ ಕಣೇ."

ಅವಳು ಅವನನ್ನೇ ನೋಡಿ ನಕ್ಕಳು. ಅವನು ಉಳಿ ಹುಡುಕುವ ನೆಪದಲ್ಲಿ ಕೆಲಸದ ಕೋಣೆಗೆ ಹೋದ.

ಮತ್ತೆ ಬಂದ ಅಕ್ಕ ಇದನ್ನೆಲ್ಲ ನೋಡಿ ಅವನನ್ನು ಪಕ್ಕಕ್ಕೆ ಎಳೆದಳು. "ಅವಳು ಕುಂಬಳಕಾಯಿ ಜೊತೆ ಮಾತಾಡ್ತಿದ್ದಾಳೆ, ನೀನು ಬಾಯಿ ಬಿಟ್ಕೊಂಡು ನೋಡ್ತಿದ್ದೀಯ. ಕೈ ಮೀರಿದ ಮೇಲೆ ಅತ್ರೆ ಏನು ಬಂತು? ಕತ್ತರಿಸಿ ಕೋಳಿಗೆ ಹಾಕು, ಹೋಗು!"

ಕತ್ತರಿಸಿದರೆ ಬಂದ ಮಾತು ಹೋದೀತು; ಬಿಟ್ಟರೆ ಹೆಂಡತಿಯೇ ಹೋದಾಳು. ಅತ್ತ ದರಿ, ಇತ್ತ ಪುಲಿ. ಅಕ್ಕ ಹೊರಟುಹೋದ ಮರುದಿನ ಮಧ್ಯಾಹ್ನ, ಹೆಂಡತಿ ಕೋಣೆಯಲ್ಲಿ ಮಲಗಿದ್ದಾಗ, ಅವನು ಸಣ್ಣ ಗರಗಸ ಹಿಡಿದು ಹಿತ್ತಲಿಗೆ ಹೋದ.

ದಿನವೂ ಕೈ ಕುಕ್ಕಲು ಬರುತ್ತಿದ್ದ ಬೂದು ಹೇಂಟೆ ಅವತ್ತು ಪೆಟ್ಟಿಗೆಯಲ್ಲಿರಲಿಲ್ಲ. ಕೆಲಸ ಮುಗಿಸಿದವಳ ಹಾಗೆ ಉಳಿದವುಗಳ ಜೊತೆ ಜೋಳ ಹೆಕ್ಕುತ್ತಿತ್ತು. ಅವನು ಒಳಗೆ ಕೈ ಹಾಕಿ ಕಾಯಿಯನ್ನು ಸುತ್ತಲೂ ಸವರಿದ. ಎಲ್ಲೂ ಒಂದು ಬಿರುಕಿರಲಿಲ್ಲ. ಕಣ್ಣು ಮುಚ್ಚಿ ಗರಗಸ ಎಳೆದ.

ಒಳಗೆ ತಿರುಳಿಲ್ಲ, ಬೀಜವಿಲ್ಲ. ಯಾರೋ ಉಳಿಯಿಂದ ಕೆತ್ತಿ ನಯ ಮಾಡಿಟ್ಟ ಹಾಗೆ ಖಾಲಿ. ಅಂಗೈ ಇಟ್ಟ. ಹೊರಗಿಗಿಂತ ಒಳಗೆ ಬಿಸಿಯಿತ್ತು. ತಳದಲ್ಲಿ ಪುಟ್ಟದೊಂದು ತಗ್ಗು, ಏನೋ ಮುದುರಿಕೊಂಡು ಮಲಗಿದ್ದ ಗುರುತು.

ಗರಗಸವನ್ನು ಅಲ್ಲೇ ಬಿಟ್ಟ. ಓಡಿ ಹೋಗಿ ಕೋಣೆಯ ಬಾಗಿಲಿಗೆ ಕೈಯಿಟ್ಟ.

"ಮೆಲ್ಲಗೆ ರೀ" ಎಂದಳು ಹೆಂಡತಿ ಒಳಗಿಂದ. ಮದುವೆಯಾದ ಹೊಸತರಲ್ಲಿದ್ದ ಅದೇ ದನಿ. "ಈಗಷ್ಟೇ ಕಣ್ಣು ಮುಚ್ಚಿದೆ."

ಅವನು ಅಲ್ಲೇ ನಿಂತ. ಬಾಗಿಲು ತಳ್ಳಿದರೆ ಬರಿ ಮಡಿಲು ಕಂಡೀತೆಂಬ ಭಯ. ಬರಿ ಮಡಿಲಲ್ಲದಿದ್ದರೆ? ಅದು ಇನ್ನೂ ದೊಡ್ಡ ಭಯ.

"ಎಷ್ಟು ಹೊತ್ತು ಅಂತ ನೆಲದ ಮೇಲೆ ಮಲಗಿಸ್ಲಿ? ಕೋಳಿಗೆ ಕೊಟ್ಟಿದ್ದು ಸಾಕು. ತೊಟ್ಟಿಲು ವಾಪಸ್ ಮಾಡ್ಕೊಡಿ."

ಆಗ ಒಳಗೆ ಪುಟ್ಟದೊಂದು ಸೀನು ಕೇಳಿತು. ಅದು ಅವಳದಲ್ಲ.

ಅವನು ಬಾಗಿಲಿನಿಂದ ಕೈ ತೆಗೆದ. ಹಿತ್ತಲಿಗೆ ಹೋಗಿ ಪೆಟ್ಟಿಗೆಯೊಳಗಿನ ಹುಲ್ಲು ಕೊಡವಿದ. ಕಣ್ಣು ಮಂಜಾಗಿತ್ತು. ಆದರೂ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿದ. ಯಾವ ಹಲಗೆ ಎಲ್ಲಿ ಕೂರಬೇಕೆಂಬುದನ್ನು ಆ ಕೈ ಮರೆತಿರಲಿಲ್ಲ.