ಸನೋಬರ್ ಬಾಯಿ ಬಿಡದ ಬುಧವಾರ

ಬುಧವಾರ ಸನೋಬರ್ ಬಾಯಿ ಬಿಡಲಿಲ್ಲ. ಅಷ್ಟಕ್ಕೇ ಅವಳ ಮದುವೆ ಗೊತ್ತಾಗಿಬಿಟ್ಟಿತು.

ಕುಂದೂಜ್ ಪಟ್ಟಣದ ಹಳೇ ಗಿರಣಿ ಓಣಿಯಲ್ಲಿ ಅವಳದೊಂದು ರೊಟ್ಟಿ ಒಲೆ. ಓಣಿಯ ಹೆಂಗಸರು ಮನೆಯಲ್ಲೇ ಹಿಟ್ಟು ನಾದಿ, ಉಂಡೆಗಳ ಮೇಲೆ ತಮ್ಮ ತಮ್ಮ ಬೆರಳ ಗುರುತು ಒತ್ತಿ, ಹಲಗೆಯ ಮೇಲಿಟ್ಟು ತರುತ್ತಾರೆ. ಸನೋಬರ್ ಕಾದ ತಂದೂರಿನ ಒಳಗೋಡೆಗೆ ಬಡಿದು ಸುಟ್ಟುಕೊಡುತ್ತಾಳೆ. ಹತ್ತಕ್ಕೊಂದು ರೊಟ್ಟಿ ಅವಳಿಗೆ. ಲಾರಿ ಓಡಿಸುತ್ತಿದ್ದ ಗಂಡ ಖೈರುಲ್ಲಾ ಆರು ವರ್ಷದ ಹಿಂದೆ ಬಗ್ಲಾನ್ ರಸ್ತೆ ಹಿಡಿದು ಹೋದವನು ತಿರುಗಿ ಬರಲಿಲ್ಲ. ಬಾಂಬಿಗೆ ಸಿಕ್ಕಿ ಸುಟ್ಟ ಲಾರಿ ಸಿಕ್ಕಿತು, ಹೆಣ ಸಿಗಲಿಲ್ಲ. ಹೋದ ವರ್ಷ ಹಿರಿಯರು ಕೂತು, ಸತ್ತನೆಂದೇ ತೀರ್ಮಾನಿಸಿ, ಸತ್ತವರ ಹೆಸರಿನ ಪ್ರಾರ್ಥನೆ ಫಾತಿಹಾ ಓದಿಸಿದರು. ಸನೋಬರ್ ಬಂದವರಿಗೆಲ್ಲ ಹಲ್ವಾ ಬಡಿಸಿದಳು, ತಾನು ಮುಟ್ಟಲಿಲ್ಲ. ಗಂಡ ಸತ್ತವಳು ಶೋಕದಲ್ಲಿ ಕೂರಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನವೂ ಹೇಳಿದಂತೆ ಕೂತಳು. ‘ವಿಧವೆ’ ಅನ್ನುವ ಮಾತು ಮಾತ್ರ ಅವಳ ನಾಲಿಗೆಗೆ ಬಂದಿರಲಿಲ್ಲ.

ಅಣ್ಣ ಹೋದಮೇಲೆ ಅತ್ತಿಗೆ ಮೈದುನನ ಪಾಲು ಎನ್ನುವುದು ಯಾರೂ ಯಾರಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ಬುಧವಾರ ಮೈದುನ ಹಕ್‌ದಾದ್ ಹಳ್ಳಿಯಿಂದ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಬಂದ. ಪರದೆಯ ಆಚೆಯಿಂದ ಮೂರು ಸಲ ಕೇಳಿದರು: “ಹಕ್‌ದಾದನ ಜೊತೆ ನಿಕಾಹಿಗೆ ಒಪ್ಪಿಗೆಯೇನಮ್ಮ?”

ಹೂಂ ಅಂದರೆ ಖೈರುಲ್ಲಾ ಸತ್ತ ಹಾಗೆ. ಬೇಡ ಅನ್ನುವುದಕ್ಕೂ ಅವನು ಸತ್ತಿರಬೇಕಲ್ಲ? ಬದುಕಿದ್ದರೆ ಈ ಪ್ರಶ್ನೆಯೇ ಇಲ್ಲ. ಸನೋಬರ್ ಇನ್ನೂ ಈ ಲೆಕ್ಕಾಚಾರದಲ್ಲಿರುವಾಗಲೇ ಹೊರಗಿನಿಂದ “ನಾಚಿಕೊಂಡಿದ್ದಾಳೆ, ಒಪ್ಪಿದಳು!” ಎಂದು ಯಾರೋ ಕೂಗಿದರು. ಸಕ್ಕರೆ ಬಾದಾಮಿ ಎರಚಿದ್ದೂ ಆಯಿತು. ಶುಕ್ರವಾರ ಹಳ್ಳಿಯಲ್ಲಿ ನಿಕಾಹ್, ಗುರುವಾರ ಮಧ್ಯಾಹ್ನಕ್ಕೇ ಕರೆದೊಯ್ಯುತ್ತೇನೆಂದ ಹಕ್‌ದಾದ್. ಒಲೆ ಮುಚ್ಚಿಸಿ, ಅದರ ಬಾಯಿಗೆ ಮಣ್ಣು ತುಂಬಿಸುವುದೂ ಗೊತ್ತಾಯಿತು.

ಗುರುವಾರ ಬೆಳಿಗ್ಗೆ ಒಲೆಯ ಸುತ್ತ ಎಲ್ಲಿಲ್ಲದ ಗದ್ದಲ.

“ಮದುಮಗಳು ಮಸಿ ಬಳ್ಕೊಂಡು ಕೂತವ್ಳೆ ನೋಡ್ರೇ!” ಎಂದಳು ಪಕ್ಕದ ಮನೆಯ ಕಂದಿಗುಲ್. “ಅಲ್ಲ ಕಣೆ, ನೀನು ಹೋದ್ರೆ ನಮ್ಮ ರೊಟ್ಟಿ ಗತಿ ಏನು? ನಮ್ಮತ್ತೆ ಸುಟ್ಟಿದ್ದನ್ನ ತಿಂದ್ರೆ ಇರೋ ನಾಕು ಹಲ್ಲೂ ಹೋಗ್ತವೆ.”

“ನಾನೇನೂ ಹೇಳ್ಲಿಲ್ಲ ಕಂದಿ,” ಎಂದಳು ಸನೋಬರ್.

“ಅದಕ್ಕೇ ತಾನೆ ಸಕ್ಕರೆ ಹಂಚಿದ್ದು!”

ಮೂಲೆಯಲ್ಲಿ ಸರದಿಗೆ ಕೂತಿದ್ದ ಖಾವರ್ ಬೀಬಿ ತಲೆಯೆತ್ತಿದಳು. ಓಣಿಯ ಹುಡುಗಿಯರಿಗೆ ನಲವತ್ತು ವರ್ಷದಿಂದ ಕುರಾನ್ ಓದಿಸುತ್ತಿದ್ದ ಮುದುಕಿ. ಓಣಿಯ ಮಸೀದಿಯ ಮುಲ್ಲಾನ ತಾಯಿಗೂ ಅವಳೇ ಕಲಿಸಿದ್ದು.

“ಏನೂ ಹೇಳ್ಲಿಲ್ವಾ? ಒಂದ್ಸಲಾನೂ?”

“ಇಲ್ಲ ಖಾಲಾ.”

“ಹಾಗಿದ್ರೆ ಏನೂ ಆಗಿಲ್ಲ ಬಿಡು. ಸುಮ್ಮನಿದ್ರೆ ಒಪ್ಪಿಗೆ ಅನ್ನೋದು ಮದುವೆಯಾಗದ ಹುಡುಗೀರಿಗೆ. ಒಂದ್ಸಲ ಸಂಸಾರ ಮಾಡಿದವಳು ಬಾಯಿಬಿಟ್ಟು ಹೇಳ್ಬೇಕು. ಆ ಸಾಕ್ಷಿಗಳಿಗೆ ಬುದ್ಧಿ ಬೇಡ್ವಾ? ಮೂವತ್ತೈದು ದಾಟಿದವಳನ್ನ ಹದಿನಾರರ ಹುಡುಗಿ ಮಾಡಿಬಿಟ್ರಲ್ಲ!”

ಹೆಂಗಸರು ಘೊಳ್ಳೆಂದರು. ಸನೋಬರ್ ನಗಲಿಲ್ಲ.

“ಹಾಗಾದ್ರೆ ನಾನು ಯಾರು ಖಾಲಾ? ಹೆಂಡತಿಯೋ, ವಿ...”

“ಅದನ್ನ ನಾನು ಹೇಳೋಕಾಗಲ್ಲ ಮಗಳೇ. ಹೆಂಡತಿ ಅಂದ್ಕೊಂಡ್ರೆ ನಿನ್ನ ಗಂಡನ ಕಡೆಯೋರು ಹೇಳಿದ್ಹಾಗೆ, ಅವರ ಮನೇಲಿ ಕೂರ್ಬೇಕು. ವಿಧವೆ ಅಂದ್ರೆ ನಿನಗೆ ನೀನೇ ಯಜಮಾನಿ. ಆದ್ರೆ ಅದನ್ನ ಗಟ್ಟಿಯಾಗಿ ಹೇಳ್ಬೇಕು. ಹೇಳಿದ್ಮೇಲೆ ವಾಪಸ್ ತಗೊಳ್ಳೋಕಾಗಲ್ಲ.”

ಸನೋಬರ್ ಒಂದು ಉಂಡೆ ತಟ್ಟಿದಳು, ಇನ್ನೊಂದು ತಟ್ಟಿದಳು. ಆರು ವರ್ಷ ಅವಳು ಖೈರುಲ್ಲಾನನ್ನು ಸಾಯಿಸದೆ ಇಟ್ಟುಕೊಂಡಿದ್ದಳು. ಒಲೆಯನ್ನೂ ಆರಿಸದೆ ಇಟ್ಟುಕೊಂಡಿದ್ದಳು. ಎರಡೂ ಒಟ್ಟಿಗೆ ಆಗುವುದಿಲ್ಲವೆಂದು ಇಷ್ಟು ದಿನ ಯಾರಾದರೂ ಯಾಕೆ ಹೇಳಿರಲಿಲ್ಲ? ಯಾವುದೋ ಹಲಗೆಯ ರೊಟ್ಟಿ ಯಾವುದಕ್ಕೋ ಸೇರಿತು. ಕಂದಿಗುಲ್ ಗೊಣಗಿದಳು.

ಮಧ್ಯಾಹ್ನದ ಹೊತ್ತಿಗೆ ಗೋಣಿಪರದೆಯ ಆಚೆ ಕೆಮ್ಮು ಕೇಳಿಸಿತು. ಹಕ್‌ದಾದ್, ಹಿಂದೆ ಅದೇ ಸಾಕ್ಷಿಗಳು.

“ಅತ್ತಿಗೆ, ಗಂಟುಮೂಟೆ ಕಟ್ಟಿದ್ದೀರಾ? ಗಾಡಿ ತಂದಿದ್ದೀನಿ.”

ದನಿ ಒರಟಾಗಿರಲಿಲ್ಲ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು!

“ಹಕ್‌ದಾದ್, ನಾನು ಒಪ್ಪಿಲ್ಲಪ್ಪ.”

“ನಿನ್ನೆ ಒಪ್ಪಿದ್ರಲ್ಲ!”

“ಸುಮ್ಮನಿದ್ದೆ.”

“ಅದೇ ತಾನೆ...”

“ಅಲ್ಲ ಕಣಯ್ಯ,” ಖಾವರ್ ಬೀಬಿ ಒಳಗಿನಿಂದಲೇ ಗದರಿದಳು, “ಹೋಗಿ ನಿಮ್ಮ ಮುಲ್ಲಾನ್ನ ಕೇಳು. ಅವನಿಗೆ ಗೊತ್ತಿಲ್ದಿದ್ರೆ ನನ್ನ ಹತ್ರ ಕಳಿಸು.”

ಸಾಕ್ಷಿಗಳು ಆಚೆ ಪಿಸುಗುಟ್ಟಿಕೊಂಡರು. “ಅದು ನಿಜವೇ ಹಕ್‌ದಾದ್,” ಎಂದ ಹಿರಿಯವನು ಮೆಲ್ಲಗೆ. “ಆದ್ರೆ ತಾನು ಯಾರು ಅಂತ ಆಯಮ್ಮ ಹೇಳ್ಬೇಕಲ್ಲ.”

ಸನೋಬರ್ ಕಣ್ಣು ಮುಚ್ಚಿದಳು. ಖೈರುಲ್ಲಾನ ಮುಖ ನೆನಪಿಸಿಕೊಳ್ಳಲು ನೋಡಿದರೆ ಮೀಸೆ ಮಾತ್ರ ಕಂಡಿತು.

“ನಾನು ಖೈರುಲ್ಲಾನ ವಿಧವೆ,” ಎಂದಳು. ತನ್ನದೇ ದನಿಗೆ ತಾನೇ ಬೆಚ್ಚಿಬಿದ್ದಳು. “ನಿಕಾಹ್ ಬೇಡ. ಈ ಒಲೆ ಬಿಟ್ಟು ಎಲ್ಲಿಗೂ ಬರಲ್ಲ.”

ತಂದೂರಿನೊಳಗೆ ಒಂದು ರೊಟ್ಟಿ ಕಳಚಿ ಕೆಂಡಕ್ಕೆ ಬಿತ್ತು. ಯಾರೂ ತೆಗೆಯಲಿಲ್ಲ.

ಹಕ್‌ದಾದ್ ಕೂಗಾಡುತ್ತಾನೆಂದು ಎಲ್ಲರೂ ಕಾದರು. ಅವನು ಪರದೆಯ ಆಚೆ ನೆಲದ ಮೇಲೆ ಕುಕ್ಕರಿಸಿದ ಸದ್ದಾಯಿತು. ಆಮೇಲೆ ಬಿಕ್ಕುವ ದನಿ.

“ಹಾಗಾದ್ರೆ ಅಣ್ಣ ನಿಜವಾಗ್ಲೂ ಹೋದ್ನಾ, ಅತ್ತಿಗೆ?”

“ನೀನೇ ತಾನೆ ಫಾತಿಹಾ ಓದಿಸಿದ್ದು!”

“ಹಿರಿಯರು ಹೇಳಿದ್ರು, ಓದಿಸ್ದೆ. ನೀವು ನಂಬಿಲ್ಲ ಅಂತ ನಂಗೂ ಒಂದು ಆಸೆ...”

ಒಳಗೆ ಹೆಂಗಸರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಕಂದಿಗುಲ್ “ಗೆದ್ದೆ ಕಣೇ!” ಎಂದು ಸನೋಬರಳ ಬೆನ್ನು ತಟ್ಟಿದಳು. ಪಕ್ಕದಲ್ಲಿದ್ದವಳು “ಅಲ್ಲಾಹು ನಿಂಗೆ ಸಬೂರಿ ಕೊಡ್ಲಿ” ಎಂದು ಅಳುತ್ತ ಕೈ ಹಿಡಿದಳು. ಸನೋಬರ್ ಇಬ್ಬರಿಗೂ ತಲೆಯಾಡಿಸಿದಳು. ಇನ್ನೊಮ್ಮೆ ಇದ್ದತ್ ಕೂರಬೇಕೇ, ಇಂದಿನಿಂದಲೇ? ಕೂತರೆ ಈ ಸಲ ಒಲೆ ಯಾರು ನೋಡಿಕೊಳ್ಳುತ್ತಾರೆ? ಕೇಳೋಣವೆಂದು ಖಾವರ್ ಬೀಬಿಯ ಕಡೆ ತಿರುಗಿದರೆ, ಆ ಮುದುಕಿಯೂ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು.

ಪರದೆಯ ಆಚೆ ಹಕ್‌ದಾದ್ ಇನ್ನೂ ಎದ್ದಿರಲಿಲ್ಲ. ಸಾಂತ್ವನ ಹೇಳಬೇಕಾದವಳು ತಾನೋ, ಕೇಳಿಸಿಕೊಳ್ಳಬೇಕಾದವಳು ತಾನೋ ತಿಳಿಯದೆ ಸನೋಬರ್ ಹಿಟ್ಟಿನ ಕೈಯಲ್ಲೇ ಪರದೆಯ ಹತ್ತಿರ ಹೋಗಿ ನಿಂತಳು.

“ಹಕ್‌ದಾದ್,” ಎಂದಳು, “ನೀನು ಊಟ ಮಾಡಿದ್ದೀಯೇನಪ್ಪ?”