ತಾಳಕ್ಕೆ ಮುಂಚೆ ಬಂದ ಕೈ

೨೦೨೪ರ ಏಪ್ರಿಲ್ ೮, ಸೋಮವಾರ. ಏಳನೆಯ ಸಂಖ್ಯೆಯ ಕೋತಿ ಅಂದು ತನ್ನ ಮುಂದಿನ ಗಾಜಿನ ಫಲಕವನ್ನು ಮುನ್ನೂರು ಸಲ ತಟ್ಟಿತು. ಇನ್ನೂರ ಎಪ್ಪತ್ತೊಂದು ಸಲ ಅದರ ಕೈ ಟಿಕ್ ಎಂಬ ಸದ್ದಿಗಿಂತ ಕೂದಲೆಳೆಯಷ್ಟು ಮೊದಲು ಬಿತ್ತು. ಇಪ್ಪತ್ತೊಂಬತ್ತು ಸಲ ಮಾತ್ರ ಸದ್ದಿನ ನಂತರ.

ಈ ಲೆಕ್ಕವನ್ನು ಬರೆದುಕೊಂಡ ಸಂಶೋಧಕಿ ಫಹ್ಮಿದಾಳಿಗೆ ಅದು ಮೂರು ತಿಂಗಳ ಫಲ. ತಾಳಕ್ಕೆ ಕೈ ತಟ್ಟುವ ಮನುಷ್ಯ ಸದ್ದು ಕೇಳಿಸಿಕೊಂಡು ತಟ್ಟುವುದಿಲ್ಲ. ಮುಂದಿನ ಪೆಟ್ಟು ಯಾವಾಗ ಬೀಳುತ್ತದೆಂದು ಅವನ ಮಿದುಳು ಮೊದಲೇ ಎಣಿಸಿರುತ್ತದೆ. ಹಾಗಾಗಿ ಕೈ ತುಸು ಮುಂಚೆಯೇ ತಲುಪುತ್ತದೆ. ಸಾಮಾನ್ಯವಾಗಿ ಕೋತಿಯ ಕೈ ಹಾಗಲ್ಲ. ಅದು ಸದ್ದು ಕೇಳಿದ ಮೇಲೆ ಹೊರಡುತ್ತದೆ, ಕಾಲು ಸೆಕೆಂಡು ತಡವಾಗಿ ಮುಟ್ಟುತ್ತದೆ. ಬಹಳ ಕಾಲ ಕಲಿಸಿದರೆ ಅಂತರ ಕಡಿಮೆಯಾಗುವುದನ್ನು ಬೇರೆ ಕಡೆ ಕಂಡವರಿದ್ದರು. ಏಳನೆಯದು ಮೂರೇ ವಾರದಲ್ಲಿ ಕಲಿತಿತ್ತು. ಸದ್ದು ನಿಲ್ಲಿಸಿದ ಮೇಲೂ ಅದೇ ತಾಳದಲ್ಲಿ ತಟ್ಟುತ್ತಿತ್ತು. ಹತ್ತು ದಿನ ಕಳೆದರೆ, ಹದಿನೆಂಟನೆಯ ತಾರೀಖು, ಫಹ್ಮಿದಾ ಇದನ್ನು ಸಂಸ್ಥೆಯ ಹಿರಿಯರ ಮುಂದೆ ಇಡಬೇಕಿತ್ತು. ಆಗಸ್ಟ್ ಕೊನೆಗೆ ಮುಗಿಯುವ ಅವಳ ಸಂಶೋಧನಾ ವೇತನ ಇನ್ನೆರಡು ವರ್ಷ ಮುಂದುವರಿಯುವುದು ಅದರ ಮೇಲೆ ನಿಂತಿತ್ತು.

ಕೋತಿಗಳನ್ನು ನೋಡಿಕೊಳ್ಳುವವನು ಅಂಜನಮೂರ್ತಿ. ವಯಸ್ಸು ಐವತ್ತೊಂಬತ್ತು, ಮನೆ ಬೈಯಪ್ಪನಹಳ್ಳಿ. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಬದಲಿಸಿ, ಕೆ.ಆರ್. ಪುರದ ಆಚೆ ಇದ್ದ ಪ್ರಯೋಗಶಾಲೆಗೆ ಬೆಳಗ್ಗೆ ಎಂಟಕ್ಕೆ ಮುಟ್ಟುತ್ತಿದ್ದ. ಅವನು ಹತ್ತಿರ ಇಲ್ಲದಿದ್ದರೆ ಏಳನೆಯದು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಆದ್ದರಿಂದ ಪ್ರಯೋಗದ ಹೊತ್ತಿಗೆ ಅವನೂ ಅದೇ ಕೋಣೆಯಲ್ಲಿ, ಕೋತಿಯ ಎಡಕ್ಕೆ, ಹಣ್ಣಿನ ರಸದ ಬಾಟಲಿಯ ಪಕ್ಕದ ಸ್ಟೂಲಿನ ಮೇಲೆ ಕೂರಬೇಕಿತ್ತು. ಮಾತಾಡಬಾರದು, ಕೈ ಆಡಿಸಬಾರದು ಎಂಬುದು ನಿಯಮ. ಅವನು ಎರಡು ಅಂಗೈಗಳನ್ನೂ ಮೊಣಕಾಲ ಮೇಲಿಟ್ಟು ಕಲ್ಲಿನಂತೆ ಕೂರುತ್ತಿದ್ದ. ಹಾಗೆ ಕೂರುವುದರಲ್ಲಿ ಅವನಿಗೆ ಹೆಮ್ಮೆಯೂ ಇತ್ತು.

ಫಹ್ಮಿದಾ ಶಿವಾಜಿನಗರದವಳು. ಅವನು ಕೇಳಿದ್ದಕ್ಕೆಲ್ಲ ಬೇಸರಿಸದೆ ಉತ್ತರ ಕೊಡುತ್ತಿದ್ದಳು.

"ಮೇಡಂ, ತಲೆಯೊಳಗೆ ಗಡಿಯಾರ ಎಲ್ಲೈತೆ?" ಎಂದು ಒಮ್ಮೆ ಕೇಳಿದ್ದ.

"ಒಂದೇ ಗಡಿಯಾರ ಅಂತ ಇಲ್ಲ ಅಂಜನಣ್ಣ. ಕೆಲವು ಜೀವಕೋಶಗಳು ನಲ್ಲಿ ಕೆಳಗಿಟ್ಟ ಬಿಂದಿಗೆ ತರ ತುಂಬ್ತಾ ಹೋಗ್ತವೆ. ಕಂಠಕ್ಕೆ ಬಂದ ತಕ್ಷಣ ಕೈ ಹೊರಡುತ್ತೆ. ತಾಳ ಜೋರಾದ್ರೆ ನಲ್ಲಿ ಜೋರು, ನಿಧಾನ ಆದ್ರೆ ನೀರು ಸಣ್ಣಗೆ."

"ನಮ್ ಬೀದೀಲಿ ನೀರು ಮೂರು ದಿನಕ್ಕೊಂದ್ಸಲ ಬರೋದು. ಅದಕ್ಕೇ ಇರ್ಬೇಕು, ನಮ್ ಹೊಸ ಹುಡುಗ್ರ ತಾಳ ಹಿಂಗಾಗಿರೋದು."

ತಾಳ ಅವನಿಗೆ ಹೊಸ ವಿಷಯವಲ್ಲ. ಮೂವತ್ನಾಲ್ಕು ವರ್ಷದಿಂದ ಅವನು ತಮಟೆ ತಂಡದ ಮುಂದಾಳು. ಮನೆಮಂದಿ ಬೌದ್ಧರಾದ ಮೇಲೆ ತಂಡ ಸಾವಿಗೆ ಬಾರಿಸುವುದನ್ನು ಬಿಟ್ಟಿತ್ತು. ಏಪ್ರಿಲ್ ಹದಿನಾಲ್ಕರ ಜಯಂತಿ ಮೆರವಣಿಗೆಯನ್ನು ಮಾತ್ರ ಬಿಟ್ಟಿರಲಿಲ್ಲ.

ಅವನ ನೌಕರಿ ಉಳಿದದ್ದೂ ಫಹ್ಮಿದಾಳಿಂದಲೇ. ಹಿಂದಿನ ವರ್ಷ ಗುತ್ತಿಗೆಯವರು ಐವತ್ತೆಂಟು ದಾಟಿದವರನ್ನೆಲ್ಲ ಕೈಬಿಟ್ಟಾಗ, ಈ ಒಬ್ಬನಿಲ್ಲದೆ ಪ್ರಯೋಗ ನಡೆಯದೆಂದು ಅವಳು ಮೂರು ಪುಟದ ಪತ್ರ ಬರೆದಿದ್ದಳು. ಅವನು ಅದನ್ನು ಮರೆತಿರಲಿಲ್ಲ.

ಹನ್ನೊಂದನೆಯ ತಾರೀಖು ಗುರುವಾರ, ರಂಜಾನ್ ರಜೆ. ಬೆಳಗ್ಗೆ ಹಲಸೂರಿನ ಒಂದು ಖಾಲಿ ನಿವೇಶನದಲ್ಲಿ ತಂಡದ ಅಭ್ಯಾಸ ನಡೆದಿತ್ತು. ಇಪ್ಪತ್ನಾಲ್ಕು ತಮಟೆ, ಹನ್ನೆರಡು ಸಾಲು. ಮೆರವಣಿಗೆಯ ಅಂತರದಲ್ಲಿ ನಿಂತಾಗ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ನಡುವೆ ಮೂವತ್ತು ಮೀಟರು. ಸದ್ದು ಅಷ್ಟು ದೂರ ನಡೆದು ಬರುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗ ಹತ್ತಿರ ಹತ್ತಿರ ಮುಗಿದಿರುತ್ತದೆ. ಹಿಂದೆ ನಿಂತು ಕಿವಿಯನ್ನು ನಂಬಿದವನು ಸದಾ ಅಷ್ಟು ಹಿಂದೆಯೇ. ಅದಕ್ಕಾಗಿ ಈ ತಂಡದಲ್ಲಿ ಒಂದು ಪದ್ಧತಿ ಇತ್ತು: ಪೆಟ್ಟು ಬೀಳುವ ಮೊದಲು ಮುಂದಾಳು ಎಡ ಭುಜವನ್ನು ಎತ್ತುತ್ತಾನೆ, ಹಿಂದಿನವರು ಅದನ್ನು ನೋಡಿ ಬಾರಿಸುತ್ತಾರೆ.

ಹೊಸದಾಗಿ ಸೇರಿದ ಸುಗತ ಕೊನೆಯ ಸಾಲಿನಲ್ಲಿ ನಿಂತು ತಡವಾಗಿಯೇ ಬಾರಿಸುತ್ತಿದ್ದ. ಅವನ ಪಕ್ಕ ಅಂಜನಮೂರ್ತಿಯ ತಮ್ಮನ ಮಗಳು ತೇಜಶ್ರೀ.

"ಕಣ್ ಮುಚ್ಕೊಂಡು ಬಾರಿಸ್ತಾವ್ನೆ ನೋಡಿ ದೊಡ್ಡಪ್ಪ," ಎಂದು ಅವಳು ಅಲ್ಲಿಂದಲೇ ಕೂಗಿ ದೂರು ಕೊಟ್ಟಳು. "ಧ್ಯಾನ ವಿಹಾರದಲ್ಲಿ ಮಾಡ್ಲಿ. ಇಲ್ಲಿ ಕಣ್ ಬಿಡ್ಲಿ."

"ಕಿವಿ ಇರೋದು ಯಾಕೆ ಮತ್ತೆ?" ಎಂದ ಸುಗತ.

"ಕನ್ನಡಕ ಹಾಕ್ಕೊಳಕ್ಕೆ. ದೊಡ್ಡಪ್ಪನ ಭುಜ ನೋಡೋ ಮಗಾ."

"ಅವ್ರು ಪ್ರತಿ ಪೆಟ್ಟಿಗೂ ಎತ್ತುತಾರಾ? ಮರೆಯಲ್ವಾ?"

"ಮರೆಯಕ್ಕೆ ಅವ್ರೇನು ನೆನಪಿಟ್ಕೊಂಡು ಎತ್ತುತಾರಾ? ಬಸ್ಸಿನ ಇಂಡಿಕೇಟರ್ ಟಿಕ್ ಟಿಕ್ ಅಂದ್ರೂ ಅದು ಎದ್ದೇಳ್ತದೆ. ನಾನು ಚಿಕ್ಕೋಳಿದ್ದಾಗಿಂದ ನೋಡ್ತಿದೀನಿ. ಕೈ ಸುಮ್ನೆ ಮೊಣಕಾಲ್ ಮೇಲಿರ್ತದೆ, ಭುಜ ಮಾತ್ರ ಡ್ಯೂಟಿ ಮಾಡ್ತಿರ್ತದೆ."

ತಂಡವೆಲ್ಲ ನಕ್ಕಿತು. ಅಂಜನಮೂರ್ತಿ ನಗಲಿಲ್ಲ. ತಮಟೆ ಹೆಗಲಲ್ಲಿದ್ದಾಗ ಭುಜ ಏಳುವುದು ಅವನಿಗೆ ಗೊತ್ತಿತ್ತು. ಅದು ಇಲ್ಲದಾಗಲೂ ಏಳುತ್ತದೆಂದು ಯಾರೂ ಹೇಳಿರಲಿಲ್ಲ. ಅವನಿಗೆ ಎರಡು ತಾರೀಖು ನೆನಪಾದವು: ಫೆಬ್ರವರಿ ಇಪ್ಪತ್ತೇಳು ಮತ್ತು ಇಪ್ಪತ್ತೆಂಟು. ಹೆಂಡತಿ ಮಂಜುಳಮ್ಮನ ಕಣ್ಣಿನ ಪೊರೆ ತೆಗೆಸಲು ಅವನು ರಜೆ ಹಾಕಿದ್ದ. ಅವನ ಬದಲಿಗೆ, ಹಿಂದಿನ ವಾರವೆಲ್ಲ ಕೋತಿಗೆ ಪರಿಚಯ ಮಾಡಿಸಿದ್ದ ಇನ್ನೊಬ್ಬ ಕೆಲಸಗಾರ ಜಾಫರ್ ಕೂತಿದ್ದ. ಆ ಎರಡು ದಿನ ಏಳನೆಯದರ ಕೈ ತಡವಾಗಿತ್ತು. ಫಹ್ಮಿದಾ 'ಪ್ರಾಣಿ ಗಾಬರಿಗೊಂಡಿದೆ' ಎಂದು ಬರೆದು ಆ ಎರಡನ್ನೂ ಲೆಕ್ಕದಿಂದ ಹೊಡೆದುಹಾಕಿದ್ದಳು. ಒಟ್ಟು ಅರವತ್ನಾಲ್ಕು ದಿನಗಳಲ್ಲಿ ಉಳಿದದ್ದು ಅರವತ್ತೆರಡು.

ಸಂಜೆ ಮಂಜುಳಮ್ಮನಿಗೆ ಹೇಳಿದ. ಅವಳು ಸೊಪ್ಪು ಬಿಡಿಸುತ್ತಾ ಪೂರ್ತಿ ಕೇಳಿದಳು.

"ಆ ಹುಡುಗಿ ನಿಮ್ ಕೆಲ್ಸ ಉಳಿಸ್ತು. ನೀವು ಹೋಗಿ ಅವಳ ಕೆಲ್ಸಕ್ಕೆ ಕಲ್ಲು ಹಾಕ್ತೀರಾ?"

"ಹೇಳ್ದೆ ಇದ್ರೆ ಅವಳು ಸುಳ್ಳು ಲೆಕ್ಕ ಓದ್ದಂಗಾಗ್ತದೆ."

"ಅವಳಿಗೆ ಗೊತ್ತಿಲ್ವಲ್ಲ ರೀ."

"ನನಗೆ ಗೊತ್ತೈತಲ್ಲ."

ಮಂಜುಳಮ್ಮ ಸೊಪ್ಪಿನ ದಂಟನ್ನು ಒಂದು ಕಡೆ ತಳ್ಳಿದಳು. "ಹಂಗಾದ್ರೆ ನಾಳೇನೇ ಹೇಳಿ. ಹದಿನೇಳಕ್ಕೆ ಹೇಳಿ ಸಾಯಿಸ್ಬೇಡಿ."

ಶುಕ್ರವಾರ ಫಹ್ಮಿದಾ ಸ್ಟೀಲ್ ಡಬ್ಬಿಯಲ್ಲಿ ಹಬ್ಬದ ಶಾವಿಗೆ ಪಾಯಸ, ಶೀರ್ ಖುರ್ಮಾ, ತಂದಿದ್ದಳು.

"ಮೊದ್ಲು ತಿನ್ನಿ ಅಂಜನಣ್ಣ. ಅಮ್ಮಿ ನಿಮಗೇ ಅಂತ ಎತ್ತಿಟ್ಟಿದ್ದು."

"ತಿಂದು ಆಮೇಲೆ ಹೇಳಿದ್ರೆ ಚೆನ್ನಾಗಿರಲ್ಲ ಮೇಡಂ. ಹೇಳ್ತೀನಿ. ಆಮೇಲೂ ಕೊಡ್ಬೇಕು ಅನಿಸಿದ್ರೆ ಕೊಡಿ." ಅವನು ನಿಂತೇ ಇದ್ದ. "ಕೋತಿ ನಿಮ್ ಟಿಕ್ ಕೇಳ್ತಾ ಇಲ್ಲ. ನನ್ನ ಭುಜ ನೋಡ್ತಾ ಐತೆ."

ಅವಳು ನಕ್ಕಳು. ಅವನು ಭುಜದ ಪದ್ಧತಿಯನ್ನೂ ಬಸ್ಸಿನ ಇಂಡಿಕೇಟರನ್ನೂ ವಿವರಿಸಿ, ಫೆಬ್ರವರಿಯ ಎರಡು ದಿನ ಹೇಳಿದ. ಅವಳ ನಗು ನಿಂತಿತು.

"ಆ ಎರಡು ದಿನ ಅದು ಗಾಬರಿ ಆಗಿತ್ತು ಅಣ್ಣ."

"ಗಾಬರಿ ಆದ್ರೆ ಅದು ಮೊದ್ಲು ಬಿಡೋದು ಊಟ. ಬೆಳಗ್ಗೆ ಬಂದವನೇ ಊಟದ ರಿಜಿಸ್ಟರ್ ನೋಡ್ದೆ. ಎರಡು ದಿನಾನೂ ಬಾಳೆಹಣ್ಣು, ಕಡ್ಲೆ, ಒಂದೂ ಉಳಿಸಿಲ್ಲ."

ಫಹ್ಮಿದಾ ಕಂಪ್ಯೂಟರಿನಲ್ಲಿ ಸೋಮವಾರದ ಚಿತ್ರೀಕರಣ ತೆರೆದಳು. ಕ್ಯಾಮೆರಾ ಕೋತಿಯ ಮುಖವನ್ನು ಮಾತ್ರ ಹಿಡಿದಿತ್ತು. ಪ್ರತಿ ಸಲ ತಟ್ಟುವ ಮೊದಲು ಅದರ ಕಣ್ಣು ಎಡಕ್ಕೆ ಹೋಗಿ ಬರುತ್ತಿತ್ತು. ಮೂರು ತಿಂಗಳಿಂದ ಅವಳು ಅದನ್ನು ಕಂಡಿದ್ದಳು. ರಸದ ಬಾಟಲಿಯ ಆಸೆ ಎಂದುಕೊಂಡಿದ್ದಳು.

"ನೀವು ಭುಜದ ಕಡೆ ಮುಖ ತಿರುಗಿಸ್ಬೇಡಿ," ಎಂದಳು. ಮೇಜಿನ ಅಂಚನ್ನು ಬೆರಳಿನಿಂದ ಒಂದೇ ಅಂತರದಲ್ಲಿ ಕುಟ್ಟಿದಳು. ಅವನ ಎರಡು ಕೈಗಳೂ ಹಿಂದೆ ಕಟ್ಟಿಕೊಂಡೇ ಇದ್ದವು. ಅವಳು ಎಂಟು ಪೆಟ್ಟು ಕುಟ್ಟಿ ನಿಲ್ಲಿಸಿದಳು. ಭುಜ ಇನ್ನೂ ಮೂರು ಸಲ ಎದ್ದಿತು.

ಸದ್ದು ನಿಂತ ಮೇಲೂ ಕೋತಿ ತಾಳ ತಪ್ಪದೆ ಇದ್ದದ್ದು ಏಕೆಂದು ಇಬ್ಬರಿಗೂ ಒಟ್ಟಿಗೆ ತಿಳಿಯಿತು.

ಸ್ಟೂಲಿಗೂ ಕೋತಿಯ ಕುರ್ಚಿಗೂ ನಡುವೆ ಒಂದು ನೀಲಿ ಬೆಡ್‌ಶೀಟ್ ಕಟ್ಟಿದರು. ಅಂಜನಮೂರ್ತಿ ಅದರ ಹಿಂದೆ ಕೂತು ಆಗಾಗ ಕೆಮ್ಮಿದ; ಅವನು ಇದ್ದಾನೆಂದು ಕೋತಿಗೆ ಅಷ್ಟು ಸಾಕಾಯಿತು. ಅದು ಮುನ್ನೂರು ಸಲ ತಟ್ಟಿತು. ಸದ್ದಿಗಿಂತ ಮೊದಲು ಹನ್ನೆರಡು, ನಂತರ ಇನ್ನೂರ ಎಂಬತ್ತೆಂಟು. ಸರಾಸರಿ ತಡ ಇನ್ನೂರ ಮೂವತ್ತು ಮಿಲಿಸೆಕೆಂಡು, ಅಂದರೆ ಹೆಚ್ಚುಕಡಿಮೆ ಕಾಲು ಸೆಕೆಂಡು. ಸದ್ದು ನಿಲ್ಲಿಸಿದಾಗ ಕೋತಿಯ ಕೈ ಗಾಳಿಯಲ್ಲಿ ತಡೆದು, ಏನು ಮಾಡಲೂ ತೋಚದೆ, ತೊಡೆಯ ಮೇಲೆ ಇಳಿಯಿತು.

ಫಹ್ಮಿದಾ ಆ ಅಂಕಿಗಳನ್ನು ಸೋಮವಾರದ ಅಂಕಿಗಳ ಪಕ್ಕ ಬರೆದುಕೊಂಡಳು.

"ನೀವು ಹೇಳ್ದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಇನ್ಯಾರೋ ಇನ್ನೊಂದು ಕೋತಿ ಕೂರಿಸ್ದಾಗ ಗೊತ್ತಾಗ್ತಿತ್ತು ಮೇಡಂ. ಅವ್ರ ಹತ್ರ ತಮಟೆಯೋನು ಇರಲ್ಲ."

ಅವಳು ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಇಟ್ಟಳು. ಶೀರ್ ಖುರ್ಮಾ ತಣ್ಣಗಾಗಿತ್ತು. ಅವನು ಪೂರ್ತಿ ತಿಂದು ಡಬ್ಬಿ ತೊಳೆದು ಕೊಟ್ಟ.

ಭಾನುವಾರ ಹಲಸೂರಿನ ಮೆರವಣಿಗೆಯಲ್ಲಿ ಭುಜ ಎಂದಿನಂತೆ ಕೆಲಸ ಮಾಡಿತು. ಸುಗತ ಕಣ್ಣು ಬಿಟ್ಟುಕೊಂಡೇ ಬಾರಿಸಿದ. ಹದಿನೆಂಟರಂದು ಫಹ್ಮಿದಾ ಹಿರಿಯರ ಮುಂದೆ ಬೆಡ್‌ಶೀಟಿನ ದಿನದ ಅಂಕಿಗಳನ್ನು ಮೊದಲು ಇಟ್ಟಳು, ಫೆಬ್ರವರಿಯ ಎರಡು ದಿನಗಳನ್ನು ಆಮೇಲೆ. ಅವಳ ಮಾರ್ಗದರ್ಶಕ ಲಕ್ಷ್ಮಿಕಾಂತ ಬೈಯಲಿಲ್ಲ. ಇದನ್ನು ಪ್ರಕಟಿಸುವಂತಿಲ್ಲ ಎಂದ. ವೇತನ ಮುಂದುವರಿಸಲು ಶಿಫಾರಸು ಮಾಡಲಾರೆ ಎಂದ. ವಾರದ ದಿನಗಳಲ್ಲಿ ಆ ಕೋಣೆ ಇನ್ನು ಬೇರೊಬ್ಬರ ಪ್ರಯೋಗಕ್ಕೆ ಬೇಕು ಎಂದ.

"ರಜೆ ದಿನ ಖಾಲಿ ಇರುತ್ತೆ. ಮತ್ತೆ ಮೊದಲಿಂದ ಮಾಡೋದಾದ್ರೆ ಮಾಡು."

ಆ ಮಾತನ್ನು ಅವಳು ಕಾರಿಡಾರಿನಲ್ಲಿ ಅಂಜನಮೂರ್ತಿಗೆ ತಿಳಿಸಿದಳು. "ರಜೆ ದಿನ ನಿಮಗೆ ಸಂಬಳ ಕೊಡಲ್ಲ ಅಣ್ಣ. ನಾನು ಕರೆಯಲ್ಲ."

"ಕರೀಬೇಡಿ. ಅರವತ್ತೆರಡು ದಿನ ಕೆಡಿಸಿದ್ದು ನನ್ನ ಭುಜ. ಅರವತ್ತೆರಡು ದಿನ ಬಂದು ಪರದೆ ಹಿಂದೆ ಕೂರ್ತೀನಿ. ಲೆಕ್ಕ ಅಷ್ಟೇ."

ಏಪ್ರಿಲ್ ಇಪ್ಪತ್ತೊಂದರಿಂದ ಅವನು ಬಂದ. ಹತ್ತೊಂಬತ್ತು ಭಾನುವಾರ, ನಾಲ್ಕು ಎರಡನೆಯ ಶನಿವಾರ, ಮೂರು ಸರ್ಕಾರಿ ರಜೆ. ಒಟ್ಟು ಇಪ್ಪತ್ತಾರು ದಿನ. ಪರದೆಯ ಈಚೆಗೆ ಕೋತಿ ನಿಧಾನವಾಗಿ ಕಲಿಯಿತು. ಇನ್ನೂರ ಮೂವತ್ತಿದ್ದ ತಡ ನೂರ ನಲವತ್ತಕ್ಕೆ ಇಳಿಯಿತು. ಸದ್ದಿಗಿಂತ ಮುಂಚೆ ಬರುವುದನ್ನು ಅದು ರೂಢಿ ಮಾಡಿಕೊಳ್ಳಲಿಲ್ಲ. ಬಂದದ್ದನ್ನು ಬಂದ ಹಾಗೆಯೇ ಫಹ್ಮಿದಾ ಬರೆದುಕೊಂಡಳು.

ಆಗಸ್ಟ್ ಮೂವತ್ತೊಂದರಂದು ಅವಳು ಬೀಗದ ಕೈ ಒಪ್ಪಿಸಿದಳು. ಸೋಮವಾರದಿಂದ ರಿಚರ್ಡ್ಸ್ ಟೌನಿನ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತ್ತು. ಗೇಟಿನವರೆಗೆ ಅಂಜನಮೂರ್ತಿ ಅವಳ ಪುಸ್ತಕಗಳ ಪೆಟ್ಟಿಗೆ ಹೊತ್ತು ತಂದ.

"ಇಪ್ಪತ್ತಾರು ದಿನ ಬಂದ್ರಿ. ಸಾಕು ಅಣ್ಣ, ತೀರಿತು."

"ಅರವತ್ತೆರಡರಲ್ಲಿ ಇಪ್ಪತ್ತಾರು ಕಳೆದ್ರೆ ಮೂವತ್ತಾರು ಮೇಡಂ," ಎಂದ ಅವನು, ಪೆಟ್ಟಿಗೆಯನ್ನು ಆಟೋದಲ್ಲಿಡುತ್ತಾ.

ಅವಳು ಹತ್ತಿ ಕೂತಳು, ಆಟೋ ಹೊರಟಿತು. ಮೂವತ್ತಾರು ದಿನ ಬಾಕಿ ಉಳಿದವು.