ಬಿಡು ಎಂದ ಮಾತು

ಇನ್ನೊಂದು ಸಲ ಹಾಕಿ ಎನ್ನುವಂತೆ ವಿಚಾರಣೆಯ ಮೇಜಿನಾಚೆಯ ಹೆಂಗಸು ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸಿದಳು. ಗೋಡೆಯ ಪರದೆಯ ಮೇಲೆ ಅದೇ ದೃಶ್ಯ ಮತ್ತೆ ಮೂಡಿತು. ರಿಂಗಿನ ನಡುವೆ ರೆಫರಿ ಕೈ ಎತ್ತಿ 'ಸ್ಟಾಪ್' ಎನ್ನುತ್ತಾನೆ. ಕೆಂಪು ಅಂಗಿಯ ಹುಡುಗಿಯ ಹೆಡ್‌ಗಾರ್ಡಿನ ಪಟ್ಟಿ ಸಡಿಲವಾಗಿದೆ. ಅದನ್ನು ಬಿಗಿಸಲಿ ಎಂದು ಅವಳು ಎರಡೂ ಕೈ ಇಳಿಸಿ ಗಲ್ಲ ಎತ್ತಿ ನಿಲ್ಲುತ್ತಾಳೆ. ಆಗ ಕ್ಯಾಮೆರಾಕ್ಕೆ ಕಾಣದ ಕಡೆಯಿಂದ ಒಂದು ಗಂಡುದನಿ ಬರುತ್ತದೆ: "ಬಿಡು! ಬಿಡು!" ನೀಲಿ ಅಂಗಿಯವಳ ಬಲಗೈ ಹೊರಡುತ್ತದೆ. ಕೆಂಪು ಅಂಗಿಯವಳು ಹಿಂದಕ್ಕೆ ಬೀಳುವುದಿಲ್ಲ. ನಡೆಯಲು ಬೇಸರವಾದ ಮಗುವಿನ ಹಾಗೆ ನಿಂತಲ್ಲೇ ಕುಕ್ಕರಿಸಿಬಿಡುತ್ತಾಳೆ.

ದನಿ ನೀಲಿ ಅಂಗಿಯವಳ ಕೋಚ್ ಮೇಷ್ಟ್ರದು. ಹೊರಗಿನಿಂದ ಕೇಳಿದರೆ ತಮ್ಮ ದನಿ ಇಷ್ಟು ಕೀರಲೇ ಎಂದು ಅವರಿಗೆ ಅನ್ನಿಸಿತು. ಪಕ್ಕದ ಕುರ್ಚಿಯಲ್ಲಿ ನೀಲಿ ಅಂಗಿಯ ಹುಡುಗಿ ಕೂತಿದ್ದಳು. ಅವಳು ಅವರ ಅಕ್ಕನ ಮಗಳು. ಚಿಕ್ಕಂದಿನ ಮೈಕಟ್ಟು ನೋಡಿ ಯಾರೋ ಇಟ್ಟ 'ಕಡ್ಡಿ' ಎಂಬ ಹೆಸರು ಈಗ ಭುಜ ತುಂಬಿಕೊಂಡ ಮೇಲೂ ಉಳಿದುಕೊಂಡಿತ್ತು. ಕೈಗೆ ಸುತ್ತಿದ್ದ ಬಟ್ಟೆಪಟ್ಟಿಯನ್ನು ಇನ್ನೂ ಬಿಚ್ಚಿರಲಿಲ್ಲ. ಅದರ ತುದಿಯ ನೂಲೊಂದನ್ನು ಎಳೆಯುತ್ತ ಪರದೆಯನ್ನು ನೋಡದೆ ಕೂತಿದ್ದಳು.

ಅದು ಮೂರು ದೇಶಗಳಲ್ಲಿ ಮೂರು ಹಂತವಾಗಿ ನಡೆಯುವ ಅಮೆಚೂರ್ ಬಾಕ್ಸಿಂಗ್ ಪಂದ್ಯಾವಳಿ. ಮೊದಲೆರಡು ಹಂತಗಳ ಅಂಕ ಕೂಡಿಸಿ ಮೂರನೆಯದಕ್ಕೆ ಕರೆಯುತ್ತಾರೆ. ಮೊದಲ ಹಂತದಲ್ಲಿ ಕಂಚು ಗೆದ್ದ ಕಡ್ಡಿಗೆ ಕೊನೆಯ ಹಂತದ ಜಾಗ ಆಗಲೇ ಖಾತ್ರಿಯಾಗಿತ್ತು. ಎರಡನೇ ಹಂತದ ಈ ಪಂದ್ಯ ಸೋತಿದ್ದರೂ ಹೋಗುತ್ತಿದ್ದಳು. ಸೋಲುತ್ತಲೂ ಇದ್ದಳು. ಸೋತರೆ ಸೋಲಲಿ ಎಂದು ಸುಮ್ಮನಿರಲು ಮೇಷ್ಟ್ರಿಗೆ ಆಗಿರಲಿಲ್ಲ, ಅಷ್ಟೇ.

ತಂಡದ ಮ್ಯಾನೇಜರ್ ಇವರತ್ತ ಬಾಗಿದ. ಆಫೀಸಿನಿಂದ ಬಂದವನು, ಮಾತುಗಾರ. ಬಾಕ್ಸಿಂಗ್ ಗ್ಲೌಸಿಗೆ ಎಡ ಬಲ ಇರುತ್ತದೆಂದು ಈ ಪ್ರವಾಸದಲ್ಲೇ ತಿಳಿದುಕೊಂಡವನು.

"ಅವರು ಕೇಳ್ತಿರೋದು ಇಷ್ಟೇ ಮೇಷ್ಟ್ರೇ. ನೀವು ಕೂಗಿದ ಪದಕ್ಕೆ ಅರ್ಥ ಏನು ಅಂತ. ಸ್ಟಾಪ್ ಅಂದ ಮೇಲೂ ಹೊಡಿ ಅಂತ ಮೂಲೆಯಿಂದ ಹೇಳಿದ್ರೆ ಶಿಕ್ಷೆ ಕೋಚ್‌ಗೆ. ಎರಡು ವರ್ಷ ರಿಂಗ್ ಹತ್ರ ಬಿಟ್ಟುಕೊಳ್ಳಲ್ಲ. ಹುಡುಗಿ ತಾನಾಗೇ ಹೊಡೆದಿದ್ರೆ ಶಿಕ್ಷೆ ಅವಳಿಗೆ. ಮೂರನೇ ಹಂತ ಇಲ್ಲ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಅರ್ಥ ಅಂದ್ರೆ..."

"ಅದಕ್ಕೆ ನಿಮ್ಮನ್ನ ಯಾಕೆ ಕೇಳಬೇಕು ಹೇಳಿ. ಹಾಲು ಕುಡಿಯೋ ಮಗೂಗೂ ಗೊತ್ತು. ಹೋಗ್ಲಿ ಬಿಡು, ಜಗಳ ಬಿಡು. ಅವಳನ್ನ ಬಿಟ್ಟುಬಿಡು ಅಂತ ತಾನೇ ನೀವು ಕೂಗಿದ್ದು?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಗೊತ್ತಿದ್ದ ಅರ್ಥ ಅದೊಂದೇ. ಇಡೀ ಕೋಣೆಯಲ್ಲಿ ಆ ಪದದ ಇನ್ನೊಂದು ಅರ್ಥ ಗೊತ್ತಿದ್ದವರು ಇಬ್ಬರೇ.

ಮೇಷ್ಟ್ರು ತಲೆ ಆಡಿಸಿದರು. ದೊಡ್ಡದಾಗಿಯೇನೂ ಅಲ್ಲ; ಅಂಗಡಿಯವನು "ಇಷ್ಟು ಸಾಕಾ?" ಎಂದಾಗ ಆಡಿಸುವಷ್ಟು. ಮ್ಯಾನೇಜರ್ ಅದನ್ನು ಆ ಕಡೆಯ ಭಾಷೆಗೆ ತಿರುಗಿಸಿ ಹೇಳಿದ. ಹೆಂಗಸು ಏನೋ ಬರೆದುಕೊಂಡು, ಕನ್ನಡಕದ ಮೇಲಿನಿಂದ ಕಡ್ಡಿಯನ್ನು ನೋಡಿದಳು.

"ನಿನ್ನನ್ನೂ ಕೇಳ್ತಿದ್ದಾರಮ್ಮ," ಎಂದ ಮ್ಯಾನೇಜರ್.

ಕಡ್ಡಿ ನೂಲು ಎಳೆಯುವುದನ್ನು ನಿಲ್ಲಿಸಿದಳು. "ಹೌದು. ಸರ್ ಬಿಡು ಅಂದ್ರು," ಎಂದಳು. ಸ್ವಲ್ಪ ತಡೆದು, "ನನಗೆ ಸರಿಯಾಗಿ ಕೇಳಿಸ್ಲಿಲ್ಲ," ಎಂದಳು.

ಮೇಷ್ಟ್ರ ಬಾಕ್ಸಿಂಗ್ ಶಾಲೆ ಒಂದು ಟಯರ್ ಗೋಡೌನಿನ ಮಹಡಿಯಲ್ಲಿತ್ತು. ಕಡ್ಡಿ ಅಲ್ಲಿಗೆ ಬಂದ ಮೊದಲ ದಿನ ಅವರು ಎಂದಿನಂತೆ ಪ್ಯಾಡ್ ಎತ್ತಿ ಹಿಡಿದು "ಕೈ ಬಿಡು" ಎಂದಿದ್ದರು. ಬಾಣ ಬಿಟ್ಟ ಹಾಗೆ ಕೈ ಬಿಡಬೇಕು, ಕೈಯೇ ಹೋಗಬೇಕು, ನೀನು ತಳ್ಳಬಾರದು ಎಂದು ಅವರಿಗೆ ಅವರ ಗುರು ಹೇಳಿಕೊಟ್ಟ ಮಾತು ಅದು. ಹುಡುಗಿ ಎರಡೂ ಕೈಗಳನ್ನು ಸೊಪ್ಪಿನ ಹಾಗೆ ಕೆಳಕ್ಕೆ ಜೋತುಬಿಟ್ಟು ನಿಂತಳು. ಮಹಡಿಯೆಲ್ಲ ನಕ್ಕಿತ್ತು. ಅವಳೂ ನಕ್ಕು, "ಮನೇಲಿ ಒಂದು ಮಾತು, ಇಲ್ಲಿ ಒಂದು ಮಾತಾ ಮಾಮ?" ಎಂದಿದ್ದಳು. "ಇಲ್ಲಿ ಮಾಮ ಅಲ್ಲ, ಸರ್. ಇಲ್ಲಿ ಬಿಡು ಅಂದ್ರೆ ಬಿಡೋದು ಅಲ್ಲ, ಬಿಡೋದು," ಎಂದು ಅವರು ಗಾಳಿಗೆ ಗುದ್ದಿ ತೋರಿಸಿದ್ದರು. ಆಮೇಲೆ 'ಕೈ' ಉದುರಿಹೋಯಿತು. 'ಬಿಡು' ಉಳಿಯಿತು. ಆ ಪದ ಕಿವಿಗೆ ಬಿದ್ದರೆ ಕೈ ತಾನಾಗಿ ಹೊರಡುವಷ್ಟು ಅವರೇ ಅವಳನ್ನು ಪಳಗಿಸಿದ್ದರು.

ಸಂಜೆ ತೀರ್ಪು ಬಂತು: ತಪ್ಪು ಹುಡುಗಿಯದು, ಅವಳಿಗೆ ಮೂರನೇ ಹಂತ ಇಲ್ಲ. ರಾತ್ರಿ ಹೋಟೆಲಿನ ಕೋಣೆಯಲ್ಲಿ ಮೇಷ್ಟ್ರು ತಮ್ಮೊಡನೆ ತಾವೇ ವಾದ ಮಾಡಿ ನೋಡಿದರು. ಜನರ ಗದ್ದಲ, ರೆಫರಿಯ ಮಾತು ಕೇಳಿಸಿರಲಿಕ್ಕಿಲ್ಲ. ಆದರೆ ರೆಫರಿಯ ಎತ್ತಿದ ಅಂಗೈ ನೇರವಾಗಿ ಅವರ ಮುಖಕ್ಕೇ ಇತ್ತು. ಅದು ಕಂಡಿತ್ತು. ಸ್ಟಾಪ್ ಎಂದದ್ದೂ ಕೇಳಿಸಿತ್ತು. ಕಾವಲಿಲ್ಲದ ಗಲ್ಲವೂ ಕಂಡಿತ್ತು. ಮೂರೂ ಗೊತ್ತಾದ ಮೇಲೆಯೇ ಬಾಯಿ ತೆರೆದದ್ದು. ತಂಡದಲ್ಲಿ ಇನ್ನೂ ಮೂವರು ಮಕ್ಕಳಿದ್ದಾರೆ, ನಾನು ಹೊರಗಾದರೆ ಅವರ ಮೂಲೆಯಲ್ಲಿ ಯಾರು ನಿಲ್ಲುತ್ತಾರೆ ಎಂಬ ಸಮಾಧಾನವನ್ನೂ ಎಳೆದು ಹೊದ್ದುಕೊಂಡರು. ಅದು ಗಿಡ್ಡ ಹೊದಿಕೆ. ತಲೆ ಮುಚ್ಚಿದರೆ ಕಾಲು ಕಾಣುತ್ತಿತ್ತು.

ಬೆಳಿಗ್ಗೆ ತಿಂಡಿಯ ಕೋಣೆಯಲ್ಲಿ ಆ ಕೆಂಪು ಅಂಗಿಯ ಹುಡುಗಿ ಕಿಟಕಿಯ ಬಳಿ ಕೂತು ಗಾಜಿನ ಲೋಟದಿಂದ ಕೊಳವೆಯಲ್ಲಿ ಹಾಲು ಹೀರುತ್ತಿದ್ದಳು. ಒಂದು ಕೆನ್ನೆ ಊದಿಕೊಂಡಿತ್ತು. ಮೇಷ್ಟ್ರು ತಟ್ಟೆ ಹಿಡಿದು ಬೇರೆ ಸಾಲಿಗೆ ತಿರುಗುವಷ್ಟರಲ್ಲಿ ಅವಳ ಕೋಚ್ ಎದುರಿಗೇ ಬಂದ. ಚಪ್ಪಟೆ ಮೂಗಿನ ಮುದುಕ, ನಿನ್ನೆ ಎದುರು ಮೂಲೆಯಲ್ಲಿ ನಿಂತಿದ್ದವನು. ಇಬ್ಬರಿಗೂ ಗೊತ್ತಿರುವ ಭಾಷೆ ಯಾವುದೂ ಇರಲಿಲ್ಲ. ಮುದುಕ ತನ್ನ ದವಡೆ ಮುಟ್ಟಿಕೊಂಡು, ಹುಡುಗಿಯತ್ತ ಕೈ ತೋರಿಸಿ, ಏನಿಲ್ಲ, ಮೂಳೆ ಮುರಿದಿಲ್ಲ ಎನ್ನುವಂತೆ ಅಂಗೈ ಆಡಿಸಿದ. ಮೇಷ್ಟ್ರು ಎದೆಗೆ ಕೈ ಇಟ್ಟು ತಲೆ ಬಾಗಿಸಿದರು.

ಮುದುಕ ಹೋಗಲಿಲ್ಲ. ತನ್ನ ಬಲಗೈಯನ್ನು ಮುಷ್ಟಿ ಮಾಡಿ ಸೊಂಟದ ಹತ್ತಿರದಿಂದ ಸಣ್ಣಗೆ ಮುಂದಕ್ಕೆ ಚುಚ್ಚಿದ. "ಬೀದು," ಎಂದ. ಮತ್ತೊಮ್ಮೆ ಚುಚ್ಚಿ, "ಬೀದು, ಬೀದು," ಎಂದು ಪ್ರಶ್ನೆಯ ಹಾಗೆ ಹುಬ್ಬೇರಿಸಿದ.

ಕ್ಯಾಮೆರಾ ನೋಡಿರಲಿಲ್ಲ. ನಿನ್ನೆ ಕೂಗುವಾಗ ತಮ್ಮ ಮುಷ್ಟಿಯೂ ಹೀಗೇ ಹೋಗಿತ್ತೆಂಬುದು ಮೇಷ್ಟ್ರಿಗೂ ಈಗಲೇ ನೆನಪಾದದ್ದು. ಎದುರು ಮೂಲೆಯಿಂದ ಅದು ಚೆನ್ನಾಗಿ ಕಂಡಿರಬೇಕು. ಮುದುಕನ ಮುಖದಲ್ಲಿ ಸಿಟ್ಟಿರಲಿಲ್ಲ. ಒಂದೇ ಕಸುಬಿನವನು ಇನ್ನೊಬ್ಬನ ಅಂಗಡಿಗೆ ಬಂದು ತೂಕದ ಕಲ್ಲನ್ನು ಸುಮ್ಮನೆ ಎತ್ತಿ ನೋಡಿದ ಹಾಗಿತ್ತು. ಅವರ ಭುಜ ತಟ್ಟಿ ಅವನು ತನ್ನ ಹುಡುಗಿಯ ಬಳಿಗೆ ಹೋದ. ಮೇಷ್ಟ್ರು ತುಂಬಿದ ತಟ್ಟೆಯನ್ನು ಎಂಜಲು ತಟ್ಟೆಗಳ ಮೇಲೆ ಇಟ್ಟು ಹೊರಗೆ ಬಂದುಬಿಟ್ಟರು.

ಊರಿಗೆ ಮರಳಿದ ವಾರದಲ್ಲಿ ಅಕ್ಕ ಕರೆಸಿದಳು. ಅವಳದು ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಕೆಲಸ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವುದು ರೂಢಿ. ಇವತ್ತು ಪಿನ್ನುಗಳನ್ನೆಲ್ಲ ತೆಗೆದಿಟ್ಟು ಕೂತಳು. ಕಡ್ಡಿ ಒಳಗೆ ಪಾತ್ರೆ ತೊಳೆಯುತ್ತಿದ್ದಳು.

"ನಿನ್ನ ಮುಖ ನೋಡೋಕೇ ನಾಚಿಕೆ ಆಗ್ತಿದೆ ಕಣೋ," ಎಂದಳು ಅಕ್ಕ. "ಅಷ್ಟು ಜನರ ಮುಂದೆ ನಿನ್ನ ತಲೆ ತಗ್ಗಿಸಿಬಿಟ್ಟಳು. ಬಿಡು ಬಿಡು ಅಂತ ನೀನು ಬಡ್ಕೊಂಡರೂ ಹೊಡೆದಳಂತಲ್ಲ. ಕರೆದರೆ ಓಗೊಡಲ್ಲ, ಚಿಕ್ಕಂದಿನಿಂದಲೂ ಹಾಗೇ. ನಾನು ಸುಮ್ಮನಿರಲಿಲ್ಲ, ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋದೆ."

ಒಳಗೆ ಪಾತ್ರೆಯ ಸದ್ದು ನಿಂತಿತು.

"ಏನಂದ್ರು?" ಎಂದರು ಮೇಷ್ಟ್ರು.

"ಗಾಜಿನ ಗೂಡಲ್ಲಿ ಕೂರಿಸಿ, ಎರಡೂ ಕಿವಿಗೆ ಏನೇನೋ ಕುಂಯ್ ಕುಂಯ್ ಅನ್ನಿಸಿ ನೋಡಿದ್ರು. ಇವಳ ಕಿವಿಗೆ ಏನಾಗಿದೆಯಮ್ಮಾ, ಪಕ್ಕದ ಮನೇಲಿ ಸೂಜಿ ಬಿದ್ರೂ ಕೇಳುತ್ತೆ, ಹೋಗು ಅಂದ್ರು." ಅಕ್ಕ ಅವರನ್ನೇ ನೋಡಿದಳು. "ಮತ್ತೆ ಅವತ್ತು ಯಾಕೋ ಕೇಳಿಸ್ಲಿಲ್ಲ?"

ಹೇಳುವುದಿದ್ದರೆ ಅದೇ ಹೊತ್ತು. ಅಕ್ಕ ಕೇಳಿದ್ದಳು, ಬಾಗಿಲು ತೆರೆದಿತ್ತು, ಒಳಗೆ ಒಬ್ಬಳು ನಲ್ಲಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಮೇಷ್ಟ್ರು ಹೊಲಿಗೆ ಯಂತ್ರದ ಚಕ್ರವನ್ನು ಬೆರಳಿನಿಂದ ಒಂದಿಷ್ಟು ತಿರುಗಿಸಿದರು. ಸೂಜಿ ಬಟ್ಟೆಯೊಳಗೆ ಇಳಿದು ನಿಂತಿತು.

"ಗದ್ದಲ ಇತ್ತು ಅಕ್ಕ," ಎಂದರು. "ತುಂಬಾ ಗದ್ದಲ."

ಅಂದು ತಲೆ ಆಡಿಸಿದ್ದನ್ನಾದರೂ ಬೇರೆಯವನ ಮಾತಿಗೆ ಆಡಿಸಿದ್ದು ಎನ್ನಬಹುದಿತ್ತು. ಇದು ಪೂರ್ತಿ ಅವರದೇ. ಒಳಗೆ ನಲ್ಲಿ ಮತ್ತೆ ಸುರಿಯತೊಡಗಿತು.

"ಇರಬಹುದು," ಎಂದು ಅಕ್ಕ ನಿಟ್ಟುಸಿರಿಟ್ಟಳು. "ತಪ್ಪು ಮಾಡಿದ್ದಾಳೆ, ಒಪ್ತೀನಿ. ಆದ್ರೆ ನೀನು ಅವಳ ಕೈಬಿಡಬೇಡ ತಮ್ಮಾ. ನೀನಲ್ಲದೆ ಅವಳಿಗೆ ಯಾರಿದ್ದಾರೆ?"

ಹೊರಡುವಾಗ ಕಡ್ಡಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲವರೆಗೂ ಬಂದಳು. "ಮಾಮ, ಛತ್ರಿ ಮರೆತಿದ್ದೀರಿ," ಎಂದು ಕೊಟ್ಟಳು. ಅವಳ ದನಿಯಲ್ಲಿ ಕೊಂಕು ಹುಡುಕಿದರು, ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು.

ಮೂರನೆಯ ಹಂತಕ್ಕೆ ಹೊರಡುವ ಉಳಿದ ಮೂವರ ತಾಲೀಮು ಮಹಡಿಯಲ್ಲಿ ಜೋರಾಗಿ ನಡೆದಿತ್ತು. ಕೆಳಗಿನಿಂದ ರಬ್ಬರಿನ ವಾಸನೆ ಮೆಟ್ಟಿಲೇರಿ ಬರುತ್ತಿತ್ತು. ಕಡ್ಡಿಯೂ ದಿನಾ ಬರುತ್ತಿದ್ದಳು. ಅವರ ಜೊತೆ ಆಡಲು ಒಂದು ಜೊತೆ ಕೈ ಬೇಕಲ್ಲ ಎಂದು ತಾನಾಗಿ ಬಂದಳೇ ಹೊರತು ಯಾರೂ ಕರೆದಿರಲಿಲ್ಲ. ಅವಳು ಬರುವುದು ತಪ್ಪಲಿ ಎಂದು ಮೇಷ್ಟ್ರು ಪ್ರತಿ ಸಂಜೆಯೂ ಬಯಸಿ, ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿದಾಗ ತಲೆ ತಗ್ಗಿಸಿ ಶೂಗಳ ಲೇಸು ಬಿಗಿಯುತ್ತಿದ್ದರು.

ಮೊದಲು ಪ್ಯಾಡಿಗೆ ಬಂದವನು ಗುಂಡ, ಭಾರದ ವರ್ಗದವನು. ಮೇಷ್ಟ್ರು ಪ್ಯಾಡ್ ಎತ್ತಿ, "ಹೊಡಿ!" ಎಂದರು.

ಗುಂಡ ಕಣ್ಣು ಪಿಳುಕಿಸಿದ. "ಇದೇನು ಸರ್, ಹೊಸ ಮಂತ್ರ? ಬಿಡು ಅನ್ನೋದು ಬಿಟ್ಟೇಬಿಟ್ರಾ?"

ಎಲ್ಲರೂ ನಕ್ಕರು. "ಬಾಯಿ ಮುಚ್ಚಿಕೊಂಡು ಹೊಡಿಯೋ," ಎಂದರು ಮೇಷ್ಟ್ರು. ಗುಂಡ ಹೊಡೆದ. ಅವನ ಹಿಂದೆ ಇನ್ನಿಬ್ಬರು. 'ಹೊಡಿ' ಎಂದರೂ ಕೈಗಳು ಹೋದವು, ಆದರೆ ತಳ್ಳಿದ ಹಾಗೆ, ಒಂದು ಕೂದಲೆಳೆ ತಡವಾಗಿ.

ಕೊನೆಗೆ ಕಡ್ಡಿ ಬಂದು ನಿಂತಳು. ಹಲ್ಲಿನ ಗಾರ್ಡ್ ಕಚ್ಚಿ, ಎಡಪಾದ ಮುಂದಿಟ್ಟು, ಮುಷ್ಟಿಗಳನ್ನು ಗಲ್ಲಕ್ಕೆ ತಂದಳು. ಉಳಿದವರಲ್ಲಿ ಯಾರೂ ಹೀಗೆ ನಿಲ್ಲುತ್ತಿರಲಿಲ್ಲ. ಅವರು ಕಲಿಸಿದ್ದೆಲ್ಲ ಆ ನಿಲುವಿನಲ್ಲಿತ್ತು.

"ಹೊಡಿ," ಎಂದರು ಮೇಷ್ಟ್ರು.

ಅವಳು ಅಲುಗಲಿಲ್ಲ.

"ಹೊಡಿ!"

ಕಡ್ಡಿ ಒಂದು ಗ್ಲೌಸಿನಿಂದ ಹಲ್ಲಿನ ಗಾರ್ಡನ್ನು ಹೊರಗೆಳೆದಳು. "ಏನಂದ್ರಿ ಸರ್?" ಎಂದಳು ಮೆಲ್ಲಗೆ, ವಿನಯದಿಂದ. "ನನಗೆ ಸರಿಯಾಗಿ ಕೇಳಿಸ್ಲಿಲ್ಲ."

ಗುಂಡನ ನಗು ಅರ್ಧಕ್ಕೆ ನಿಂತಿತು. ಏನೋ ಇದೆ ಎಂದು ಅವನಿಗೂ ಹೊಳೆಯಿತು, ಏನೆಂದು ಹೊಳೆಯಲಿಲ್ಲ. ಉಳಿದವರು ಹಗ್ಗ ಜಿಗಿಯುವುದನ್ನು ನಿಲ್ಲಿಸಿದರು.

ಅವಳು ಗಾರ್ಡನ್ನು ಮತ್ತೆ ಕಚ್ಚಿಕೊಂಡು ಮುಷ್ಟಿಗಳನ್ನು ಗಲ್ಲಕ್ಕೆ ತಂದಳು. ಅವಳ ಕಣ್ಣು ಪ್ಯಾಡಿನ ಮೇಲಿರಲಿಲ್ಲ, ಅವರ ತುಟಿಗಳ ಮೇಲಿತ್ತು. ಮೇಷ್ಟ್ರು ಬಾಯಿ ತೆರೆದರು. ಗೋಡೆಯ ಗಡಿಯಾರ ಸುತ್ತು ಮುಗಿಯಿತೆಂದು ಗಂಟೆ ಬಾರಿಸಿತು. ಇಬ್ಬರೂ ಕೈ ಇಳಿಸಲಿಲ್ಲ.